ಮಿಕ್ಸಿ ಕೆಟ್ಟು ನಿಂತಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಕ್ಸಿ ಎನ್ನಿ, ಮಿಕ್ಸರ್ ಎನ್ನಿ, ಬ್ಲೆಂಡರ್ ಎನ್ನಿ, ಒಳಗಿನ ರಚನೆ ಬಹುಮಟ್ಟಿಗೆ ಒಂದೇ: ಕೆಳಗೆ ಮೋಟಾರ್ ಇರುವ ಬೇಸ್, ಮೇಲೆ ಬ್ಲೇಡ್ ಇರುವ ಜಾರ್, ಇವೆರಡನ್ನೂ ಜೋಡಿಸುವ ಕಪ್ಲರ್. ಮಾತುಕತೆಯಲ್ಲಿ, ಪತ್ರಗಳಲ್ಲಿ, ಫೋನಿನಲ್ಲಿ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಕೊಟ್ಟಿದ್ದೇನೆ. "ಮೋಟಾರ್ ಸುಟ್ಟುಹೋಗಿದೆ" ಎಂದು ಮೂಲೆಗೆ ಸೇರಿಸಿದ ಯಂತ್ರಗಳಲ್ಲಿ ಮೋಟಾರ್ ಚೆನ್ನಾಗಿಯೇ ಇದ್ದು, ಕಪ್ಲರ್, ಬುಷ್ (ತಿರುಗುವ ದಂಡವಾದ ಶಾಫ್ಟನ್ನು ಹಿಡಿದಿಡುವ ಉಂಗುರ) ಅಥವಾ ಕಾರ್ಬನ್ ಬ್ರಷ್‌ನಂತಹ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ತಲುಪಿಸುವ ತುಂಡು) ಸಣ್ಣ ಭಾಗ ಸವೆದದ್ದನ್ನು ನಾನು ಅನೇಕ ಸಲ ನೋಡಿದ್ದೇನೆ. ಆದ್ದರಿಂದಲೇ ಉತ್ತರಗಳನ್ನು ತುಸು ವಿವರವಾಗಿ ಬರೆದಿದ್ದೇನೆ.

## ಸ್ಕ್ರೂ ಬಿಚ್ಚುವ ಮೊದಲು

ಓಡುತ್ತಿದ್ದ ಮಿಕ್ಸಿ ಇದ್ದಕ್ಕಿದ್ದಂತೆ ನಿಂತುಹೋಯಿತು. ಮೊದಲು ಏನು ನೋಡಬೇಕು?

ಪ್ಲಗ್ ಕಿತ್ತು, ಜಾರನ್ನು ಎತ್ತಿ ಪಕ್ಕಕ್ಕಿಡಿ. ದೋಷ ಜಾರಿನಲ್ಲಿದೆಯೋ ಬೇಸಿನಲ್ಲಿದೆಯೋ ಎಂಬುದು ತಿಳಿಯದೆ ಮುಂದಿನ ಯಾವ ಪರೀಕ್ಷೆಗೂ ಅರ್ಥವಿಲ್ಲ. ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಹಾಕಿ ಕರೆಂಟ್ ಬರುತ್ತಿದೆಯೇ ನೋಡಿ. ಬರುತ್ತಿದ್ದರೆ ಬೇಸನ್ನು ಮಾತ್ರ ಎರಡು ಮೂರು ಸೆಕೆಂಡ್ ಓಡಿಸಿ. ಜಾರ್ ಕೂರಿಸದೆ ಓಡದಂತಹ ಯಂತ್ರವಾದರೆ ಖಾಲಿ ಜಾರ್ ಇಟ್ಟು ನೋಡಿ. ಬೇಸ್ ಸಲೀಸಾಗಿ ಓಡಿತೆಂದರೆ ದೋಷ ಜಾರಿನಲ್ಲಿ ಅಥವಾ ಕಪ್ಲರ್‌ನಲ್ಲಿ ಇದೆ. ಬೇಸ್ ಸದ್ದೇ ಮಾಡದಿದ್ದರೆ ಓವರ್‌ಲೋಡ್ ಗುಂಡಿ, ವಯರ್, ಸ್ವಿಚ್, ಕಾರ್ಬನ್ ಬ್ರಷ್ ಈ ಕ್ರಮದಲ್ಲಿ ನೋಡುತ್ತಾ ಹೋಗಬೇಕು. ಸುಲಭವಾದದ್ದನ್ನು ಮೊದಲು ನೋಡುವುದು ಸೋಮಾರಿತನವಲ್ಲ, ಅದೇ ಸರಿಯಾದ ಕ್ರಮ.

ಅಡಿಯಲ್ಲಿ ಒಂದು ಕೆಂಪು ಗುಂಡಿ ಇದೆ. ಒತ್ತಿದರೆ ಓಡುತ್ತದೆ, ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲುತ್ತದೆ. ಯಾಕೆ?

ಅದು ಓವರ್‌ಲೋಡ್ ಸ್ವಿಚ್. ಮೋಟಾರ್ ತಿರುಗುವಾಗ ತನ್ನೊಳಗೇ ಒಂದು ಎದುರು ವೋಲ್ಟೇಜನ್ನು ಹುಟ್ಟಿಸಿಕೊಂಡು, ಹರಿಯುವ ಕರೆಂಟನ್ನು ಹದ್ದಿನಲ್ಲಿಟ್ಟುಕೊಂಡಿರುತ್ತದೆ. ಜಾರಿನಲ್ಲಿ ಭಾರ ಹೆಚ್ಚಾಗಿ ವೇಗ ಕುಸಿದರೆ ಈ ಎದುರು ವೋಲ್ಟೇಜ್ ಇಳಿಯುತ್ತದೆ, ಕರೆಂಟ್ ಏರುತ್ತದೆ, ಕಾಯಿಲ್ (ಮೋಟಾರಿನೊಳಗಿನ ತಂತಿಯ ಸುರುಳಿ) ಬಿಸಿಯಾಗುತ್ತದೆ. ತಂತಿಯ ಮೇಲಿನ ವಾರ್ನಿಷ್ ಸುಡುವ ಮೊದಲೇ ಸಂಪರ್ಕ ಕಡಿಯುವುದು ಈ ಗುಂಡಿಯ ಕೆಲಸ. ಅದು ಹೊರಬಂದಾಗ ಜಾರಿನಿಂದ ಅರ್ಧದಷ್ಟು ತೆಗೆದು, ಇಪ್ಪತ್ತು ಮೂವತ್ತು ನಿಮಿಷ ತಣಿಯಲು ಬಿಟ್ಟು, ಆಮೇಲೆ ಒತ್ತಿ. ಗುಂಡಿ ಇಲ್ಲದ ಯಂತ್ರಗಳಲ್ಲಿ ತಣಿದ ಮೇಲೆ ತಾನಾಗಿಯೇ ಕೂಡಿಕೊಳ್ಳುವ ಕಟ್‌ಔಟ್ ಇರಬಹುದು. ಸತ್ತುಹೋಯಿತೆಂದುಕೊಂಡ ಮಿಕ್ಸಿ ಅರ್ಧ ಗಂಟೆಯ ನಂತರ ಓಡಲು ಅದೇ ಕಾರಣ.

ಖಾಲಿ ಜಾರಿನಲ್ಲೂ ಗುಂಡಿ ಹಾರುತ್ತಿದ್ದರೆ ಭಾರದ ಪ್ರಶ್ನೆ ಉಳಿಯುವುದಿಲ್ಲ. ಬುಷ್ ಬಿಗಿಹಿಡಿದಿರಬೇಕು, ಕಾಯಿಲ್‌ನಲ್ಲಿ ಶಾರ್ಟ್ ಆಗಿರಬೇಕು, ಇಲ್ಲವೇ ಗುಂಡಿಯೇ ಹಳತಾಗಿ ಸೋತಿರಬೇಕು. ಗುಂಡಿಯ ತಂತಿಗಳನ್ನು ನೇರವಾಗಿ ಜೋಡಿಸಿಬಿಡುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ಆಗ ಮೋಟಾರಿಗೂ ಬೆಂಕಿಗೂ ನಡುವೆ ತಡೆಯಾಗಿ ನಿಲ್ಲುವುದು ಏನೂ ಇರುವುದಿಲ್ಲ.

ಜಾರ್ ಮೇಲೆ ಕೈಯಿಟ್ಟು ಒತ್ತಿ ಹಿಡಿದರೆ ಓಡುತ್ತದೆ, ಕೈ ಬಿಟ್ಟರೆ ನಿಲ್ಲುತ್ತದೆ. ಇದು ಯಾವ ದೋಷ?

ಜಾರ್ ಸರಿಯಾಗಿ ಕೂರದೆ ಮೋಟಾರ್ ಓಡಬಾರದೆಂದು ಅನೇಕ ಯಂತ್ರಗಳಲ್ಲಿ ಒಂದು ಸಣ್ಣ ಸುರಕ್ಷತಾ ಸ್ವಿಚ್ ಇಟ್ಟಿರುತ್ತಾರೆ. ಜಾರಿನ ಅಂಚಿನಲ್ಲಿರುವ ಪ್ಲಾಸ್ಟಿಕ್ ಹಲ್ಲು ಅದನ್ನು ಒತ್ತುತ್ತದೆ. ಆ ಹಲ್ಲು ಸವೆದಾಗ ಅಥವಾ ಸ್ವಿಚ್ಚಿನ ತೂತಿನಲ್ಲಿ ಹಿಟ್ಟು ಒಣಗಿ ಕೂತಾಗ ಹೀಗಾಗುತ್ತದೆ. ಪ್ಲಗ್ ಕಿತ್ತು, ಒದ್ದೆ ಮಾಡಿ ಹಿಂಡಿದ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಆ ಜಾಗವನ್ನು ಶುಚಿಮಾಡಿದರೆ ಸಾಕಾಗುವುದುಂಟು. ಹಲ್ಲು ಮುರಿದಿದ್ದರೆ ಜಾರಿನ ಆ ಭಾಗವನ್ನೇ ಬದಲಿಸಬೇಕು. ಸ್ವಿಚ್ಚಿಗೆ ಕಡ್ಡಿ ತುರುಕಿ ಸದಾ ಒತ್ತಿರುವಂತೆ ಮಾಡಿದರೆ, ತೆರೆದ ಬ್ಲೇಡಿನ ಮೇಲೆ ಕೈಯಿರುವಾಗಲೂ ಯಂತ್ರ ಓಡಬಹುದು.

ಹೊಸ ಮಿಕ್ಸಿಯಲ್ಲೇ ಸುಟ್ಟ ವಾಸನೆ ಬರುತ್ತಿದೆ. ಹಿಂದಿರುಗಿಸಬೇಕೇ?

ಮೊದಲ ಕೆಲವು ಬಳಕೆಗಳಲ್ಲಿ ಕಾಯಿಲ್ ಮೇಲಿನ ವಾರ್ನಿಷ್ ಬಿಸಿಯಾಗಿ ತೆಳುವಾದ ವಾಸನೆ ಬರುವುದು ಸಹಜ. ಅದು ದಿನೇ ದಿನೇ ಕಡಿಮೆಯಾಗಬೇಕು. ಹೊಗೆ ಕಂಡರೆ, ವಾಸನೆ ಹೆಚ್ಚುತ್ತಲೇ ಹೋದರೆ ಹಿಂದಿರುಗಿಸಿ. ಹಳೆಯ ಯಂತ್ರದಲ್ಲಾದರೆ ಮೂಗನ್ನು ನಂಬಿ: ರಬ್ಬರ್ ಸುಟ್ಟ ವಾಸನೆ ಕಪ್ಲರ್ ಜಾರುತ್ತಿರುವುದನ್ನು ಹೇಳುತ್ತದೆ, ಕಣ್ಣು ಮೂಗು ಉರಿಯುವಂತಹ ಕಟುವಾದ ವಾಸನೆ ಕಾಯಿಲ್ ಸುಡುತ್ತಿರುವುದನ್ನು ಹೇಳುತ್ತದೆ.

ಒಂದೇ ಸಮನೆ ಎಷ್ಟು ಹೊತ್ತು ಓಡಿಸಬಹುದು?

ಬೇಸಿನ ಅಡಿಯ ಲೇಬಲ್ಲನ್ನು ಓದಿ. ಕೆಲವು ಯಂತ್ರಗಳ ಮೇಲೆ 'ಕೆಬಿ' ಎಂದು ಬರೆದು ಮುಂದೆ ನಿಮಿಷಗಳನ್ನು ಕೊಟ್ಟಿರುತ್ತಾರೆ. ಅಷ್ಟು ಹೊತ್ತಿನ ನಂತರ ವಿಶ್ರಾಂತಿ ಕೊಡಲೇಬೇಕು ಎಂದು ಅದರ ಅರ್ಥ. ಮಿಕ್ಸಿಯ ಮೋಟಾರ್ ಅಲ್ಪಕಾಲದ ದುಡಿಮೆಗಾಗಿಯೇ ಮಾಡಿದ್ದು. ಅದರ ತಂಪಿಗೆ ಅದೇ ಶಾಫ್ಟಿನ ಮೇಲಿರುವ ಸಣ್ಣ ಫ್ಯಾನೇ ಆಧಾರ, ಮತ್ತು ಭಾರ ಹೆಚ್ಚಾಗಿ ಮೋಟಾರ್ ನಿಧಾನವಾದಾಗ, ಅಂದರೆ ಗಾಳಿ ಹೆಚ್ಚು ಬೇಕಾದಾಗಲೇ, ಆ ಫ್ಯಾನೂ ನಿಧಾನವಾಗುತ್ತದೆ. ಬಟ್ಟೆಯ ಮೇಲಿಟ್ಟು ಓಡಿಸಿದರೆ ಅಡಿಯ ಗಾಳಿಕಿಂಡಿಗಳು ಮುಚ್ಚಿಹೋಗುತ್ತವೆ ಎಂಬುದನ್ನೂ ನೆನಪಿಡಿ.

## ಜಾರ್ ಮತ್ತು ಬ್ಲೇಡ್

ಜಾರಿನ ಅಡಿಯಿಂದ ನೀರು ಸೋರುತ್ತದೆ. ವಾಷರ್ ಬದಲಿಸಿದರೂ ನಿಲ್ಲಲಿಲ್ಲ. ಮುಂದೇನು?

1922ರಲ್ಲಿ ಅಮೆರಿಕದ ಸ್ಟೀಫನ್ ಪಾಪ್ಲಾವ್‌ಸ್ಕಿ ಎಂಬುವರು ಪಾತ್ರೆಯ ತಳದಲ್ಲೇ ತಿರುಗುವ ಬ್ಲೇಡನ್ನು ಇಟ್ಟು ಪೇಯ ಕಲಸುವ ಯಂತ್ರವನ್ನು ರೂಪಿಸಿದರು. ಇಂದಿನ ಮಿಕ್ಸಿಯ ಅನುಕೂಲವೂ ಸೋರಿಕೆಯ ಕಾಟವೂ ಆ ಒಂದೇ ಏರ್ಪಾಡಿನಿಂದ ಬಂದವು. ನೀರು ತುಂಬುವ ಪಾತ್ರೆಯ ತಳಕ್ಕೆ ತೂತು ಕೊರೆದು, ಆ ತೂತಿನೊಳಗೆ ಅತಿ ವೇಗವಾಗಿ ತಿರುಗುವ ಶಾಫ್ಟನ್ನು ಹಾಯಿಸಿದ ಮೇಲೆ, ಅಲ್ಲಿನ ಸೀಲ್ ಎಂದಾದರೊಂದು ದಿನ ಸವೆಯಲೇಬೇಕು.

ಸೋರಿಕೆಯ ದಾರಿ ಮೂರು: ಬ್ಲೇಡಿನ ಜೋಡಣೆ ಜಾರಿಗೆ ಕೂರುವ ಜಾಗದ ರಬ್ಬರ್ ವಾಷರ್, ಶಾಫ್ಟಿನ ಸುತ್ತಲಿನ ಬುಷ್ ಮತ್ತು ಸೀಲ್, ಮತ್ತು ಜಾರಿನ ಮೈಯಲ್ಲಿನ ಬಿರುಕು. ಇದನ್ನು ಪತ್ತೆ ಮಾಡಲು ಜಾರಿನ ಹೊರಮೈಯನ್ನು ಪೂರ್ತಿ ಒರೆಸಿ, ಅರ್ಧ ನೀರು ತುಂಬಿ, ಒಣಗಿದ ಕಾಗದದ ಮೇಲೆ ಹದಿನೈದು ನಿಮಿಷ ಇಡಿ. ಕಾಗದದ ನಡುವೆ ಒದ್ದೆಯಾದರೆ ಬುಷ್ ಸವೆದಿದೆ. ಉಂಗುರದಂತೆ ಒದ್ದೆಯಾದರೆ ವಾಷರ್. ಒಂದೇ ಬದಿಯಲ್ಲಿ ಒದ್ದೆಯಾದರೆ ಬಿರುಕು. ನಿಂತಾಗ ಸೋರದೆ ಓಡುವಾಗ ಮಾತ್ರ ಸೋರಿದರೆ ಅದು ಬುಷ್‌ನದೇ ಕೆಲಸ ಎಂದು ಹೆಚ್ಚಾಗಿ ಹೇಳಬಹುದು, ಏಕೆಂದರೆ ಸಡಿಲವಾದ ಶಾಫ್ಟ್ ಅಲುಗಾಡಿ ಸೀಲನ್ನು ಪಕ್ಕಕ್ಕೆ ತಳ್ಳುತ್ತದೆ. ಜಾರನ್ನು ಬೋರಲು ಹಾಕಿ ಕಪ್ಲರನ್ನು ಬೆರಳಿನಿಂದ ಆಚೀಚೆ ಅಲುಗಿಸಿ ನೋಡಿ. ಕಟಕಟ ಎಂದು ಅಲುಗಿದರೆ ವಾಷರ್ ಎಷ್ಟು ಸಲ ಬದಲಿಸಿದರೂ ಪ್ರಯೋಜನವಿಲ್ಲ.

ಸೋರಿಕೆ ನಿಲ್ಲಲೆಂದು ಜಾರಿನ ತಳವನ್ನು ಬಲವಂತವಾಗಿ ಬಿಗಿದರೆ ವಾಷರ್ ಹಿಸುಕಿ ಹೊರಚಾಚುತ್ತದೆ, ಸೋರಿಕೆ ಹೆಚ್ಚುತ್ತದೆ. ವಾಷರಿನ ಯಾವ ಮುಖ ಮೇಲಕ್ಕಿತ್ತು ಎಂಬುದನ್ನು ತೆಗೆಯುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳಿ. ಸೋರಿಕೆಯನ್ನು ಕಡೆಗಣಿಸಿ ಬಳಸುತ್ತಾ ಹೋಗಬೇಡಿ: ಆ ನೀರು ಇಳಿಯುವುದು ಮೋಟಾರಿನ ಮೇಲಿನ ಬುಷ್‌ಗೆ.

ಬ್ಲೇಡ್ ಕೈಯಿಂದ ತಿರುಗಿಸಿದರೂ ತಿರುಗುತ್ತಿಲ್ಲ. ಮೋಟಾರಿಗೆ ಹಾಕಿ ಓಡಿಸಿದರೆ ಸಡಿಲವಾಗುತ್ತದೆಯೇ?

ದಯವಿಟ್ಟು ಹಾಗೆ ಮಾಡಬೇಡಿ. ಕಪ್ಲರ್ ಹಲ್ಲು ಕಳೆದುಕೊಳ್ಳುತ್ತದೆ, ಅಥವಾ ನಿಂತಲ್ಲೇ ನಿಂತ ಮೋಟಾರ್ ಕೆಲವೇ ಸೆಕೆಂಡುಗಳಲ್ಲಿ ಸುಡುವಷ್ಟು ಬಿಸಿಯಾಗುತ್ತದೆ. ಬುಷ್‌ನೊಳಗೆ ಸಕ್ಕರೆ ಅಥವಾ ಹಿಟ್ಟಿನ ಅಂಶ ಹೋಗಿ ಗಟ್ಟಿಯಾಗಿರುತ್ತದೆ. ಜಾರಿಗೆ ಬಿಸಿನೀರು ಹಾಕಿ, ಜಾರಿನ ತಳವನ್ನೂ ಬಿಸಿನೀರಿನಲ್ಲಿ ಮುಳುಗಿಸಿ, ಒಂದೆರಡು ಗಂಟೆ ಬಿಡಿ. ಆಮೇಲೆ ಅಡಿಯ ಕಪ್ಲರನ್ನು ಹಿಡಿದು ಸ್ವಲ್ಪ ಸ್ವಲ್ಪವೇ ಎರಡೂ ಕಡೆಗೆ ತಿರುಗಿಸಿ. ಒಳಗಿನಿಂದ ಬ್ಲೇಡ್ ಹಿಡಿಯಬೇಡಿ. ಸಡಿಲವಾದ ಮೇಲೆ ತೊಳೆದು, ಪೂರ್ತಿ ಒಣಗಿಸಿ, ಆಹಾರಕ್ಕೆ ಬಳಸಬಹುದಾದ ಮಿನರಲ್ ಎಣ್ಣೆಯ ಒಂದು ಹನಿಯನ್ನು ಶಾಫ್ಟಿನ ಅಡಿಯಿಂದ ಬಿಡಿ. ಅಡುಗೆ ಎಣ್ಣೆ ಬೇಡ. ಅದು ಕಾಲಕ್ರಮೇಣ ಅಂಟಾಗಿ, ಮತ್ತೆ ಇದೇ ಸ್ಥಿತಿಗೆ ತರುತ್ತದೆ.

ರುಬ್ಬಿದ್ದರಲ್ಲಿ ಕಪ್ಪು ಕಪ್ಪಾಗಿ ಏನೋ ಬರುತ್ತಿದೆ. ತಿನ್ನಬಹುದೇ?

ತಿನ್ನಬೇಡಿ. ಬುಷ್ ಸವೆದು ಬಂದ ಲೋಹದ ಪುಡಿ, ಹಳೆಯ ಗ್ರೀಸ್ ಮತ್ತು ಸೀಲಿನ ರಬ್ಬರ್ ಸೇರಿ ಆ ಕಪ್ಪು ಬಣ್ಣ ಬರುತ್ತದೆ. ಬುಷ್, ಶಾಫ್ಟ್ ಮತ್ತು ಸೀಲನ್ನು ಒಟ್ಟಿಗೇ ಬದಲಿಸುವವರೆಗೆ ಆ ಜಾರನ್ನು ಬಳಸಬಾರದು.

ಬ್ಲೇಡ್ ಸುಮ್ಮನೆ ತಿರುಗುತ್ತದೆ, ಮೇಲಿನದು ಹಾಗೇ ಉಳಿಯುತ್ತದೆ. ಬ್ಲೇಡಿಗೆ ಸಾಣೆ ಹಿಡಿಸಬೇಕೇ?

ಬ್ಲೇಡಿನ ಸುತ್ತ ಗಾಳಿಯ ಗುಳ್ಳೆ ಕಟ್ಟಿದಾಗ ಬ್ಲೇಡ್ ಗಾಳಿಯಲ್ಲೇ ತಿರುಗುತ್ತಿರುತ್ತದೆ. ಆಗ ಮೋಟಾರಿನ ಸದ್ದು ಥಟ್ಟನೆ ಹಗುರಾಗಿ ಕೀಚಲಾಗುವುದನ್ನು ಗಮನಿಸಿ. ನಿಲ್ಲಿಸಿ, ಕಲಸಿ, ಸ್ವಲ್ಪ ದ್ರವ ಸೇರಿಸಿ, ಕಡಿಮೆ ವೇಗದಿಂದ ಮತ್ತೆ ಶುರುಮಾಡಿ. ದ್ರವದಲ್ಲಿ ರುಬ್ಬುವ ಕೆಲಸ ಬಹುಪಾಲು ನಡೆಯುವುದು ಹೊಡೆತದಿಂದ ಮತ್ತು ಸುಳಿಯಿಂದ. ಅಲ್ಲಿ ಬ್ಲೇಡಿನ ಹರಿತದ ಪಾತ್ರ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ಒಣಪುಡಿ ಮಾಡುವಾಗ ಹರಿತ ಬೇಕು. ಆದರೆ ಮನೆಯಲ್ಲಿ ಉಜ್ಜಿದರೆ ಎರಡು ರೆಕ್ಕೆಗಳ ತೂಕದಲ್ಲಿ ವ್ಯತ್ಯಾಸ ಬಂದು, ಆ ವೇಗದಲ್ಲಿ ಅದು ನಡುಕವಾಗಿ, ಬುಷ್ ಬೇಗ ಹಾಳಾಗುತ್ತದೆ. ಹರಿತ ಹೋದ ಬ್ಲೇಡನ್ನು ಬದಲಿಸುವುದೇ ಮೇಲು.

ಬಿಸಿ ಪದಾರ್ಥ ಹಾಕಿದರೆ ಮುಚ್ಚಳ ಹಾರುತ್ತದೆ. ಮುಚ್ಚಳ ಕೆಟ್ಟಿದೆಯೇ?

ಇಲ್ಲ. ಬ್ಲೇಡ್ ಕಲಕಿದ ಕ್ಷಣದಲ್ಲಿ ಆವಿ ಒಮ್ಮೆಲೇ ಎದ್ದು ಒತ್ತಡ ಹೆಚ್ಚುತ್ತದೆ. ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬದೆ, ಮುಚ್ಚಳದ ನಡುವಿನ ಬಿರಡೆ ತೆಗೆದು, ಮೇಲೆ ಬಟ್ಟೆ ಹಿಡಿದು, ಕಡಿಮೆ ವೇಗದಲ್ಲಿ ಓಡಿಸಬೇಕು. ಪೂರ್ತಿ ಮುಚ್ಚಿಕೊಳ್ಳುವ ಸಣ್ಣ ಜಾರುಗಳಿಗೆ ಬಿಸಿ ದ್ರವ ಹಾಕಲೇಬಾರದು.

## ಕಪ್ಲರ್

ಮೋಟಾರ್ ಓಡುವ ಸದ್ದು ಬರುತ್ತದೆ, ಆದರೆ ಬ್ಲೇಡ್ ತಿರುಗುವುದಿಲ್ಲ. ಕರಕರ ಶಬ್ದವೂ ಇದೆ.

ಬೇಸಿನ ಮೇಲಿರುವ ಕಪ್ಲರಿನ ಹಲ್ಲುಗಳು ಸವೆದು ದುಂಡಗಾಗಿವೆ. ಟಾರ್ಚ್ ಹಿಡಿದು ನೋಡಿದರೆ ಚೂಪಾಗಿರಬೇಕಾದ ಮೂಲೆಗಳು ನುಣ್ಣಗಾಗಿರುವುದೂ ಸುತ್ತಲೂ ಕಪ್ಪು ರಬ್ಬರ್ ಪುಡಿ ಉದುರಿರುವುದೂ ಕಾಣುತ್ತದೆ. ಜಾರಿನ ಅಡಿಯ ಕಪ್ಲರನ್ನೂ ಅದೇ ಹೊತ್ತಿಗೆ ನೋಡಿ, ಏಕೆಂದರೆ ಒಂದು ಮಾತ್ರ ಹೊಸದಾದರೆ ಹಳೆಯದು ಅದನ್ನು ಬೇಗ ತಿಂದುಹಾಕುತ್ತದೆ.

ಕಪ್ಲರ್ ಎಷ್ಟು ತಿರುಗಿಸಿದರೂ ಬಿಚ್ಚುತ್ತಿಲ್ಲ. ಯಾವ ಕಡೆಗೆ ತಿರುಗಿಸಬೇಕು?

ಇದಕ್ಕೆ ಎಡ ಬಲ ಎಂದು ಒಂದೇ ಉತ್ತರ ಕೊಟ್ಟವರ ಮಾತು ನಂಬಿ ಎಷ್ಟೋ ಜನ ಕಪ್ಲರ್ ಮುರಿದುಕೊಂಡಿದ್ದಾರೆ. ನಿಯಮ ಇಷ್ಟೇ: ಓಡುವಾಗ ತಾನಾಗಿಯೇ ಬಿಗಿಯಾಗುವಂತೆ ಮರೆಯನ್ನು (ಸ್ಕ್ರೂವಿನಲ್ಲಿರುವಂತಹ ಸುರುಳಿ ಗೀರನ್ನು) ಕೊಟ್ಟಿರುತ್ತಾರೆ. ಮೋಟಾರಿನ ಶಾಫ್ಟ್ ತಿರುಗುವಾಗ ಜಾರಿನ ಭಾರವು ಬೇಸಿನ ಕಪ್ಲರನ್ನು ಹಿಂದಕ್ಕೆ ಎಳೆಯುತ್ತದೆ, ಆ ಎಳೆತವೇ ಅದನ್ನು ಬಿಗಿಯುತ್ತದೆ. ಆದ್ದರಿಂದ ಶಾಫ್ಟನ್ನು ಅಲುಗದಂತೆ ಹಿಡಿದು, ಮೋಟಾರ್ ಯಾವ ದಿಕ್ಕಿಗೆ ಓಡುತ್ತದೆಯೋ ಅದೇ ದಿಕ್ಕಿಗೆ ಕಪ್ಲರನ್ನು ತಿರುಗಿಸಿದರೆ ಅದು ಬಿಚ್ಚುತ್ತದೆ. ಜಾರಿನ ಅಡಿಯ ಕಪ್ಲರಿಗೆ ಇದು ತಿರುವುಮುರುವು: ಅಲ್ಲಿ ಕಪ್ಲರ್ ಎಳೆಯುವ ಕಡೆ, ಬ್ಲೇಡಿನ ಶಾಫ್ಟ್ ತಡೆಯುವ ಕಡೆ, ಆದ್ದರಿಂದ ಮೋಟಾರ್ ಓಡುವುದಕ್ಕೆ ವಿರುದ್ಧ ದಿಕ್ಕಿಗೆ (ಜಾರ್ ನೆಟ್ಟಗಿರುವಾಗ ಮೇಲಿನಿಂದ ನೋಡಿದಂತೆ) ತಿರುಗಿಸಬೇಕು. ಮೋಟಾರಿನ ದಿಕ್ಕು ತಿಳಿಯಲು ಜಾರ್ ತೆಗೆದು ಒಂದು ಕ್ಷಣ ಓಡಿಸಿ, ಸ್ವಿಚ್ ಆರಿಸಿ, ನಿಲ್ಲುವ ಮೊದಲು ಮೇಲಿನಿಂದ ನೋಡಿ. ಆಮೇಲೆ ಪ್ಲಗ್ ಕೀಳುವುದನ್ನು ಮರೆಯಬೇಡಿ.

ಶಾಫ್ಟನ್ನು ಹಿಡಿಯಲು ಅಡಿಯ ಮುಚ್ಚಳ ಬಿಚ್ಚಬೇಕಾಗುತ್ತದೆ. ಅನೇಕ ಮೋಟಾರುಗಳಲ್ಲಿ ಶಾಫ್ಟಿನ ಕೆಳತುದಿಯಲ್ಲಿ ಸ್ಕ್ರೂಡ್ರೈವರ್ ಕೂರುವಂತಹ ಸೀಳು ಇರುತ್ತದೆ. ಫ್ಯಾನಿನ ರೆಕ್ಕೆ ಹಿಡಿದು ತಿರುಗಿಸಿದರೆ ರೆಕ್ಕೆ ಮುರಿಯುತ್ತದೆ. ಮರೆ ಇಲ್ಲದೆ ಒತ್ತಿ ಕೂರಿಸಿದ ಕಪ್ಲರುಗಳೂ ಇವೆ. ಅವನ್ನು ತಿರುಗಿಸದೆ, ಎರಡೂ ಬದಿಯಿಂದ ಸಮವಾಗಿ ಮೀಟಿ ಮೇಲಕ್ಕೆತ್ತಬೇಕು.

ಮತ್ತೆ ಮತ್ತೆ ಹೋಗುತ್ತದಲ್ಲ, ಗಟ್ಟಿಯಾದ ಲೋಹದ ಕಪ್ಲರ್ ಹಾಕಿಸಿಬಿಡಲೇ?

ನನ್ನ ಅಭಿಪ್ರಾಯದಲ್ಲಿ ಬೇಡ, ತಯಾರಕರೇ ಲೋಹದ್ದನ್ನು ಕೊಟ್ಟಿರದಿದ್ದರೆ. ರಬ್ಬರ್ ಅಥವಾ ಪ್ಲಾಸ್ಟಿಕ್ ಕಪ್ಲರ್ ಮೆತ್ತಗಿರುವುದು ಲೋಪವಲ್ಲ. ಬ್ಲೇಡಿನಲ್ಲಿ ಏನಾದರೂ ಸಿಕ್ಕಿಕೊಂಡಾಗ ತಾನು ಹರಿದುಹೋಗಿ ಮೋಟಾರನ್ನೂ ಶಾಫ್ಟನ್ನೂ ಉಳಿಸುವುದು ಅದಕ್ಕೆ ವಹಿಸಿದ ಕೆಲಸ. ಅದು ಪದೇ ಪದೇ ಹೋಗುತ್ತಿದ್ದರೆ ಕಾರಣವನ್ನು ಜಾರಿನ ಬುಷ್‌ನಲ್ಲಿ, ತುಂಬುವ ಪ್ರಮಾಣದಲ್ಲಿ, ಅಥವಾ ಪೂರ್ತಿ ನಿಲ್ಲುವ ಮೊದಲೇ ಜಾರ್ ಎತ್ತುವ ಅಭ್ಯಾಸದಲ್ಲಿ ಹುಡುಕಬೇಕು.

## ಬೇಸಿನ ಒಳಗೆ

ಮನೆಯಲ್ಲೇ ಬೇಸ್ ಬಿಚ್ಚುವುದು ಅಪಾಯವೇ?

ಪ್ಲಗ್ ಕಿತ್ತು, ಅದು ಕಣ್ಣೆದುರಿಗೇ ಇರುವಂತೆ ಇಟ್ಟುಕೊಂಡರೆ ಅಪಾಯ ಬಹಳ ಕಡಿಮೆ. ಸದ್ದಿನ ತಡೆಗೆಂದು ಇಟ್ಟ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಚಾರ್ಜ್ ಉಳಿದಿರಬಹುದಾದ್ದರಿಂದ ಕಿತ್ತ ತಕ್ಷಣ ಪ್ಲಗ್ಗಿನ ಪಿನ್ನುಗಳನ್ನು ಮುಟ್ಟಬೇಡಿ, ಕೆಲವು ನಿಮಿಷ ಕಾಯಿರಿ. ಸದ್ದು ಎಂದರೆ ಇಲ್ಲಿ ರೇಡಿಯೋ ಟಿವಿಗೆ ತಗಲುವ ವಿದ್ಯುತ್ ಗದ್ದಲ. ಸ್ಕ್ರೂಗಳು ರಬ್ಬರ್ ಕಾಲುಗಳ ಒಳಗೆ ಅಡಗಿರುತ್ತವೆ. ಬಿಚ್ಚಿದ ಯಂತ್ರವನ್ನು ಮುಚ್ಚಳವಿಲ್ಲದೆ ಕರೆಂಟಿಗೆ ಹಾಕಿ ಪರೀಕ್ಷಿಸುವುದು ಮಾತ್ರ ಅನುಭವಸ್ಥರ ಕೆಲಸ.

ಗಾಳಿಕಿಂಡಿಯಿಂದ ನೀಲಿ ಕಿಡಿ ಕಾಣುತ್ತದೆ. ಸಹಜವೇ?

ಮಿಕ್ಸಿಯಲ್ಲಿರುವುದು ಯೂನಿವರ್ಸಲ್ ಮೋಟಾರ್. ತಿರುಗುವ ಆರ್ಮೇಚರ್‌ಗೆ ಕರೆಂಟ್ ತಲುಪುವುದು ತಾಮ್ರದ ಪಟ್ಟಿಗಳ ಕಾಮ್ಯುಟೇಟರ್ ಮೇಲೆ ಉಜ್ಜುತ್ತಾ ಇರುವ ಎರಡು ಕಾರ್ಬನ್ ಬ್ರಷ್‌ಗಳ ಮೂಲಕ. ಬ್ರಷ್‌ನ ಬುಡದಲ್ಲಿ ಸಣ್ಣ ನೀಲಿ ಕಿಡಿಗಳು ಸಹಜ. ಕಿಡಿ ಹಳದಿಯಾಗಿ, ದೊಡ್ಡದಾಗಿ, ಕಾಮ್ಯುಟೇಟರ್ ಸುತ್ತ ಬಳೆಯಂತೆ ಹಬ್ಬಿದರೆ ತಕ್ಷಣ ನಿಲ್ಲಿಸಿ: ಬ್ರಷ್ ಮುಗಿದಿದೆ, ತಾಮ್ರದ ಪಟ್ಟಿಗಳ ನಡುವೆ ಕಾರ್ಬನ್ ತುಂಬಿದೆ, ಅಥವಾ ಆರ್ಮೇಚರ್ ಶಾರ್ಟ್ ಆಗಿದೆ. ಹೊಸ ಬ್ರಷ್ ಹಾಕಿ, ಪಟ್ಟಿಗಳ ನಡುವಣ ಗೀರುಗಳನ್ನು ಮರದ ಕಡ್ಡಿಯಿಂದ ಶುಚಿಮಾಡಿದ ಮೇಲೂ ಬಳೆ ಉಳಿದರೆ ದೋಷ ಆರ್ಮೇಚರ್‌ನದು.

ಬ್ರಷ್ ಬದಲಿಸುವುದು ಹೇಗೆ? ಯಾವಾಗ?

ಕಾರ್ಬನ್ ಐದಾರು ಮಿಲಿಮೀಟರಿಗಿಂತ ಗಿಡ್ಡವಾದಾಗ ಬದಲಿಸಬೇಕು, ಮತ್ತು ಎರಡನ್ನೂ ಒಟ್ಟಿಗೇ ಬದಲಿಸಬೇಕು. ಅಗಲ, ದಪ್ಪ, ಉದ್ದ ಮೂರೂ ಹಳೆಯದಕ್ಕೆ ಸಮನಾಗಿರಲಿ. ಹಿತ್ತಾಳೆಯ ಗೂಡಿನಲ್ಲಿ ಬ್ರಷ್ ಸಲೀಸಾಗಿ ಹಿಂದೆ ಮುಂದೆ ಜಾರುವುದು ಉದ್ದದಷ್ಟೇ ಮುಖ್ಯ. ನಮ್ಮ ಮನೆಯ ಹಳೆಯ ಮಿಕ್ಸಿ ಬದಿಗೆ ಬಡಿದರೆ ಓಡುತ್ತಿತ್ತು, ಇಲ್ಲದಿದ್ದರೆ ಇಲ್ಲ. ಬಿಚ್ಚಿ ನೋಡಿದಾಗ ಬ್ರಷ್‌ಗಳಲ್ಲಿ ಇನ್ನೂ ಬೇಕಾದಷ್ಟು ಕಾರ್ಬನ್ ಇತ್ತು. ಆದರೆ ಒಂದು ಬ್ರಷ್ ಗೂಡಿನಲ್ಲಿ ಕಾರ್ಬನ್ ಪುಡಿ ಕಟ್ಟಿ ಓರೆಯಾಗಿ ಸಿಕ್ಕಿಕೊಂಡು, ಸ್ಪ್ರಿಂಗಿಗೆ ಅದನ್ನು ಮುಂದಕ್ಕೆ ತಳ್ಳಲಾಗುತ್ತಿರಲಿಲ್ಲ. ತಾಮ್ರಕ್ಕೂ ಅದಕ್ಕೂ ನಡುವೆ ಕೂದಲೆಳೆಯಷ್ಟು ಸಂದು. ಬಡಿದಾಗ ಅದು ಒಂದಿಷ್ಟು ಜರುಗಿ ತಾಗುತ್ತಿತ್ತು. ಒಣಬಟ್ಟೆಯಿಂದ ಗೂಡು ಒರೆಸಿ, ಬ್ರಷ್‌ನ ಬದಿಗಳನ್ನು ನಯವಾದ ಉಪ್ಪುಕಾಗದದ ಮೇಲೆ ಒಂದೆರಡು ಸಲ ಉಜ್ಜಿದ್ದಷ್ಟೇ ದುರಸ್ತಿ. ಒಂದು ಹೊಸ ಭಾಗವೂ ಬೇಕಾಗಲಿಲ್ಲ.

ಹೊಸ ಬ್ರಷ್‌ನ ಮುಖ ಕಾಮ್ಯುಟೇಟರ್‌ನ ದುಂಡಿಗೆ ಹೊಂದಿಕೊಳ್ಳಲು ಸಮಯ ಬೇಕು. ಭಾರವಿಲ್ಲದೆ, ಕಡಿಮೆ ವೇಗದಲ್ಲಿ, ನಡುನಡುವೆ ನಿಲ್ಲಿಸುತ್ತಾ ಕೆಲವು ನಿಮಿಷ ಓಡಿಸಿದ ಮೇಲೆ ಕಿಡಿ ಇಳಿಯುತ್ತದೆ.

ಗುಂಯ್ ಎನ್ನುತ್ತದೆ, ತಿರುಗುವುದಿಲ್ಲ.

ಕೂಡಲೇ ಆರಿಸಿ, ಆ ಸದ್ದಿನ ಒಂದೊಂದು ಸೆಕೆಂಡೂ ಕಾಯಿಲನ್ನು ಸುಡುತ್ತಿರುತ್ತದೆ. ಪ್ಲಗ್ ಕಿತ್ತು ಬೇಸಿನ ಕಪ್ಲರನ್ನು ಕೈಯಿಂದ ತಿರುಗಿಸಿ. ಬಿಗಿಯಾಗಿದ್ದರೆ ಮೋಟಾರಿನ ಬುಷ್ ಒಣಗಿದೆ ಅಥವಾ ತುಕ್ಕು ಹಿಡಿದಿದೆ. ಬುಷ್‌ನ ಸುತ್ತಲಿನ ಫೆಲ್ಟಿಗೆ (ಎಣ್ಣೆ ಹೀರಿಟ್ಟುಕೊಳ್ಳುವ ದಪ್ಪ ಬಟ್ಟೆಯಂತಹ ತುಂಡಿಗೆ) ತೆಳುವಾದ ಮಷಿನ್ ಆಯಿಲ್ ಎರಡು ಹನಿ ಸಾಕು. ಹೆಚ್ಚಾದರೆ ಅದು ಕಾಮ್ಯುಟೇಟರಿಗೆ ಹರಿದು ಬೇರೆ ತೊಂದರೆ ತರುತ್ತದೆ.

ಒಂದು ವೇಗದಲ್ಲಿ ಮಾತ್ರ ಓಡುತ್ತದೆ. ಇನ್ನೊಬ್ಬರದು ಆರಿಸಿದರೂ ನಿಲ್ಲುವುದೇ ಇಲ್ಲ. ಎರಡೂ ಮೋಟಾರಿನ ದೋಷವೇ?

ಒಂದು ವೇಗದಲ್ಲಾದರೂ ಚೆನ್ನಾಗಿ ಓಡಿದರೆ ಆರ್ಮೇಚರ್ ಮತ್ತು ಬ್ರಷ್ ಸರಿಯಾಗಿವೆ ಎಂದಾಯಿತು. ವೇಗಗಳನ್ನು ಕೊಡುವ ರೀತಿ ಹಲವು: ಕಾಯಿಲಿನ ನಡುನಡುವೆ ತಂತಿ ತೆಗೆದಿರಬಹುದು, ಕಡಿಮೆ ವೇಗಕ್ಕೆ, ಕರೆಂಟನ್ನು ಒಂದೇ ಕಡೆಗೆ ಬಿಡುವ ಡಯೋಡ್ ಇಟ್ಟು ಅರ್ಧ ಅಲೆಯನ್ನಷ್ಟೇ ಬಿಟ್ಟಿರಬಹುದು, ಅಥವಾ ಟ್ರಯಾಕ್ ಎಂಬ ಎಲೆಕ್ಟ್ರಾನಿಕ್ ಸ್ವಿಚ್ ಇರುವ ಸರ್ಕ್ಯೂಟ್ ಇರಬಹುದು. ಕಡಿಮೆ ವೇಗ ಮಾತ್ರ ಸತ್ತಿದ್ದರೆ ಮೊದಲು ಸ್ವಿಚ್ಚಿನ ಆ ಕಾಂಟ್ಯಾಕ್ಟ್, ಆಮೇಲೆ ಡಯೋಡ್ ನೋಡಿ. ಆರಿಸಿದರೂ ನಿಲ್ಲದ ಯಂತ್ರದಲ್ಲಿ ಸ್ವಿಚ್ಚಿನ ಕಾಂಟ್ಯಾಕ್ಟ್‌ಗಳು ಬೆಸೆದುಕೊಂಡಿರುತ್ತವೆ ಅಥವಾ ಟ್ರಯಾಕ್ ಶಾರ್ಟ್ ಆಗಿರುತ್ತದೆ. ಸರಿಪಡಿಸುವವರೆಗೆ ಅದನ್ನು ಸಾಕೆಟ್ಟಿಗೆ ಸಿಕ್ಕಿಸಲೇಬೇಡಿ.

ಮಲ್ಟಿಮೀಟರ್ ಇದೆ. ಎಲ್ಲಿ, ಏನು ಅಳೆಯಬೇಕು?

ಪ್ಲಗ್ ಕಿತ್ತು, ಸ್ವಿಚ್ಚನ್ನು ಅತಿ ಹೆಚ್ಚಿನ ವೇಗಕ್ಕಿಟ್ಟು, ಸುರಕ್ಷತಾ ಸ್ವಿಚ್ ಇದ್ದರೆ ಜಾರನ್ನು ಕೂರಿಸಿ, ಪ್ಲಗ್ಗಿನ ಎರಡು ಮುಖ್ಯ ಪಿನ್ನುಗಳ ನಡುವೆ ಓಮ್ ಅಳೆಯಿರಿ. ಎಲೆಕ್ಟ್ರಾನಿಕ್ ನಿಯಂತ್ರಣವಿಲ್ಲದ ಯಂತ್ರದಲ್ಲಿ ಕೆಲವು ಓಮ್‌ನಿಂದ ಕೆಲವು ಹತ್ತು ಓಮ್‌ವರೆಗೆ ತೋರಿಸಬೇಕು. ಏನೂ ತೋರಿಸದಿದ್ದರೆ ದಾರಿ ಎಲ್ಲೋ ಕಡಿದಿದೆ: ವಯರ್, ಓವರ್‌ಲೋಡ್ ಗುಂಡಿ, ಸ್ವಿಚ್, ಕಾಯಿಲ್, ಬ್ರಷ್ ಎಂದು ಒಂದೊಂದನ್ನೇ ಅಳೆಯುತ್ತಾ ಹೋಗಿ. ಹಾಗೆ ಅಳೆಯುವಾಗ ವಯರನ್ನು ಬೇಸಿಗೆ ಸೇರುವ ಜಾಗದಲ್ಲಿ ಬಾಗಿಸುತ್ತಾ ಇರಿ, ಏಕೆಂದರೆ ಒಳಗಿನ ತಾಮ್ರ ಸಾಮಾನ್ಯವಾಗಿ ಅಲ್ಲೇ ತುಂಡಾಗುತ್ತದೆ. ಕಾಮ್ಯುಟೇಟರ್‌ನ ಅಕ್ಕಪಕ್ಕದ ಪಟ್ಟಿಗಳ ನಡುವಣ ಅಳತೆ ಸುತ್ತಲೂ ಒಂದೇ ರೀತಿ ಇರಬೇಕು. ಒಂದೆಡೆ ಮಾತ್ರ ಬೇರೆಯಾದರೆ ಆರ್ಮೇಚರ್ ಹೋಗಿದೆ. ಕೊನೆಗೆ ಮುಖ್ಯ ಪಿನ್‌ಗೂ ಲೋಹದ ಮೈಗೂ ನಡುವೆ ಅತಿ ದೊಡ್ಡ ರೇಂಜಿನಲ್ಲಿ ಅಳೆಯಿರಿ. ಅಲ್ಲಿ ದಾರಿಯೇ ಇರಬಾರದು.

ಮುಟ್ಟಿದರೆ ಸಣ್ಣಗೆ ಜುಮ್ ಎನ್ನುತ್ತದೆ. ಸಣ್ಣ ಶಾಕ್ ಅಲ್ಲವೇ, ಬಳಸಬಹುದೇ?

ಬಳಸಬಾರದು. ಒಣಗೈಗೆ ಜುಮ್ ಎನ್ನುವ ಸೋರಿಕೆ ಒದ್ದೆ ಕೈಗೆ ಪ್ರಾಣಾಪಾಯವಾಗಬಲ್ಲದು. ಮೂರು ಪಿನ್ನಿನ ಪ್ಲಗ್ಗಾದರೆ ಸಾಕೆಟ್ಟಿನ ಅರ್ತ್ ಸರಿಯಿದೆಯೇ ಎಂದೂ ಪರೀಕ್ಷಿಸಬೇಕು. ಒಳಗೆ ನೀರು ಇಳಿದದ್ದು ಕಾರಣವಾದರೆ ಬಿಚ್ಚಿ, ಗಾಳಿಯಾಡುವ ಜಾಗದಲ್ಲಿ ಒಂದೆರಡು ದಿನ ಒಣಗಿಸಿ, ಇನ್ಸುಲೇಷನ್ ಅನ್ನು (ಕರೆಂಟ್ ಸೋರದಂತೆ ತಡೆಯುವ ಹೊದಿಕೆಯನ್ನು) ಮೆಗ್ಗರ್ ಎಂಬ ಅಳತೆಯ ಉಪಕರಣದಿಂದ ಅಳೆಸಿದ ನಂತರವೇ ಮತ್ತೆ ಬಳಸಿ.

ಬೇರೆ ದೇಶದಿಂದ ತಂದ ಮಿಕ್ಸಿಗೆ ಬರಿಯ ಪ್ಲಗ್ ಅಡಾಪ್ಟರ್ ಸಾಕೇ?

ಅಡಾಪ್ಟರ್ ಪಿನ್ನಿನ ಆಕಾರವನ್ನು ಬದಲಿಸುತ್ತದೆ, ವೋಲ್ಟೇಜನ್ನು ಬದಲಿಸುವುದಿಲ್ಲ. 120 ವೋಲ್ಟಿನ ಯಂತ್ರವನ್ನು 230 ವೋಲ್ಟಿಗೆ ಹಾಕಿದರೆ ಅದು ಕಿರುಚುತ್ತಾ ಓಡಿ ಬೇಗನೆ ಸುಡುತ್ತದೆ. 230ರದ್ದನ್ನು 120ಕ್ಕೆ ಹಾಕಿದರೆ ಸೋತು ತಿರುಗುತ್ತದೆ. 50 ಹರ್ಟ್ಸ್, 60 ಹರ್ಟ್ಸ್ ವ್ಯತ್ಯಾಸ ಈ ಬಗೆಯ ಮೋಟಾರಿಗೆ ದೊಡ್ಡದಲ್ಲ. ಟ್ರಾನ್ಸ್‌ಫಾರ್ಮರ್ ಬಳಸುವುದಾದರೆ ಅದರ ವ್ಯಾಟ್ ಮಿಕ್ಸಿಯ ವ್ಯಾಟಿಗಿಂತ ಚೆನ್ನಾಗಿ ಹೆಚ್ಚಿರಬೇಕು.

ಆರ್ಮೇಚರ್ ಸುಟ್ಟಿದೆ ಎಂದರು. ರಿವೈಂಡ್ ಮಾಡಿಸಲೇ (ತಂತಿಯನ್ನು ಹೊಸದಾಗಿ ಸುತ್ತಿಸಲೇ), ಹೊಸದೇ ಕೊಳ್ಳಲೇ?

ಸುಟ್ಟದ್ದು ನಿಜವೇ ಎಂದು ಮೊದಲು ನೋಡಿ: ತಂತಿಗಳ ವಾರ್ನಿಷ್ ಕಪ್ಪಾಗಿ ಉದುರುತ್ತಿರಬೇಕು, ಕಟುವಾದ ವಾಸನೆ ಉಳಿದಿರಬೇಕು. ಈ ಮೋಟಾರುಗಳು ಭಾರವಿಲ್ಲದಾಗ ನಿಮಿಷಕ್ಕೆ ಹದಿನೈದು ಇಪ್ಪತ್ತು ಸಾವಿರ ಸುತ್ತು ತಿರುಗಬಲ್ಲವು. ಆ ವೇಗದಲ್ಲಿ ಕೈಯಿಂದ ಸುತ್ತಿದ ಆರ್ಮೇಚರ್ ತೂಕದಲ್ಲಿ ಸಮವಾಗಿರದಿದ್ದರೆ ನಡುಕದಿಂದಲೇ ಬುಷ್‌ಗಳನ್ನು ತಿನ್ನುತ್ತದೆ. ಆದ್ದರಿಂದ ಅದೇ ಮಾದರಿಯ ಹೊಸ ಆರ್ಮೇಚರ್ ಸಿಗುವುದಾದರೆ ರಿವೈಂಡ್‌ಗಿಂತ ಅದನ್ನೇ ಹಾಕಿಸುವುದು ಒಳ್ಳೆಯದು. ಬಿಡಿಭಾಗ ಸಿಗದೆ, ಆರ್ಮೇಚರ್ ಸುತ್ತ ಅಲುಗದೆ ನಿಂತಿರುವ ಫೀಲ್ಡ್ ಕಾಯಿಲ್ ಕೂಡ ಸುಟ್ಟಿದ್ದರೆ ಆ ಬೇಸನ್ನು ಬಿಟ್ಟುಬಿಡಿ. ಬಿಡುವ ಮೊದಲು ಜಾರ್, ವಾಷರ್, ಕಪ್ಲರ್, ವಯರ್, ಸ್ವಿಚ್ ತೆಗೆದಿಟ್ಟುಕೊಂಡರೆ ಅದೇ ಮಾದರಿಯ ಇನ್ನೊಂದು ಯಂತ್ರಕ್ಕೆ ಅವು ಆಗುತ್ತವೆ.